ಯೆಲ್ಲೋಸ್ಟೋನ್ ದಾರಿಯಲ್ಲಿ ಸಮಯ ಹೇಳುವುದು ಹೇಗೆ

ಅಮೆರಿಕದಲ್ಲಿ ಟೂರ್ ಗೈಡ್ ಆಗಿದ್ದೇನೆ. ವ್ಯಾನ್ ಓಡಿಸುವವನೂ ನಾನೇ. ಬೇಸಿಗೆಯಲ್ಲಿ ನನ್ನ ಜೊತೆ ಬರುವವರಲ್ಲಿ ಜಾಸ್ತಿ ಜನ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರು. ಸಾಲ್ಟ್ ಲೇಕ್ ಸಿಟಿಯಿಂದ ವೆಸ್ಟ್ ಯೆಲ್ಲೋಸ್ಟೋನ್ ಊರಿಗೆ ಸುಮಾರು 500 ಕಿ.ಮೀ., ಐದು ಗಂಟೆಯ ದಾರಿ. ಅಲ್ಲಿಯವರೆಗೆ ಗಡಿಯಾರ ನೋಡಿಕೊಂಡು ಓಡಿಸಬಹುದು. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನ ಗೇಟು ದಾಟಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ.

ಎಲ್ಲರ ಮೊದಲ ಪ್ರಶ್ನೆ ಒಂದೇ: "ಓಲ್ಡ್ ಫೇತ್‌ಫುಲ್ ಎಷ್ಟು ಗಂಟೆಗೆ ಚಿಮ್ಮುತ್ತೆ?" ಓಲ್ಡ್ ಫೇತ್‌ಫುಲ್ ಅಂದರೆ ಪಾರ್ಕಿನ ಒಂದು ಗೀಸರ್, ನೆಲದೊಳಗಿಂದ ಆಗಾಗ ಬಿಸಿನೀರು ಚಿಮ್ಮುವ ಬುಗ್ಗೆ. ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ಕಲಿತದ್ದು ಅಲ್ಲಿನ ರೇಂಜರ್‌ಗಳಿಂದ, ಅಂದರೆ ಪಾರ್ಕ್ ನೋಡಿಕೊಳ್ಳುವ ಸಿಬ್ಬಂದಿಯಿಂದ. ಅವರು ಬೋರ್ಡಿನಲ್ಲಿ ಒಂದು ಸಮಯ ಬರೆಯುತ್ತಾರೆ, ಪಕ್ಕದಲ್ಲೇ ಹತ್ತು ನಿಮಿಷ ಹಿಂದೆ ಮುಂದೆ ಆಗಬಹುದು ಎಂದೂ ಬರೆಯುತ್ತಾರೆ. ಅದು ಸುಮ್ನೆ ಊಹೆಯಲ್ಲ. ಹಿಂದಿನ ಸಲ ಬುಗ್ಗೆ ಎಷ್ಟು ಹೊತ್ತು ಚಿಮ್ಮಿತು ಎಂಬುದೇ ಲೆಕ್ಕದ ಬುಡ. ಎರಡೂವರೆ ನಿಮಿಷಕ್ಕಿಂತ ಕಡಿಮೆ ಚಿಮ್ಮಿದ್ದರೆ ಮುಂದಿನದು ಒಂದು ಗಂಟೆಗೆ ಸ್ವಲ್ಪ ಮೇಲೆ ಬರುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಚಿಮ್ಮಿದ್ದರೆ ಸುಮಾರು ಒಂದೂವರೆ ಗಂಟೆ ಬೇಕು. ಒಳಗಿನ ನೀರು ಜಾಸ್ತಿ ಖಾಲಿಯಾದಷ್ಟೂ ಮತ್ತೆ ತುಂಬಿ ಬಿಸಿಯಾಗಲು ಸಮಯ ಹಿಡಿಯುತ್ತದೆ, ಅಲ್ವಾ?

ನಾನು ಇದನ್ನು ವ್ಯಾನಿನಲ್ಲೇ ವಿವರಿಸಿಬಿಡುತ್ತೇನೆ. ಕಾರಣ ಗೊತ್ತಾದ ಮೇಲೆ ಹಿರಿಯರು ಬೆಂಚಿನ ಮೇಲೆ ನೆಮ್ಮದಿಯಾಗಿ ಕೂರುತ್ತಾರೆ. "ಇನ್ನೂ ಬರಲಿಲ್ಲವಲ್ಲಪ್ಪ" ಎನ್ನುವ ಮಾತೇ ಬರುವುದಿಲ್ಲ. ಕೆಲವರು ತಾವೇ ವಾಚು ಹಿಡಿದು ಎಷ್ಟು ನಿಮಿಷ ಚಿಮ್ಮಿತು ಎಂದು ಲೆಕ್ಕ ಹಾಕಿ, ಮುಂದಿನ ಸಮಯವನ್ನು ಪಕ್ಕದವರಿಗೆ ಹೇಳುತ್ತಾರೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಹೊತ್ತು ಅದು.

ಅದೇ ಪಾರ್ಕಿನ ಸ್ಟೀಮ್‌ಬೋಟ್ ಎಂಬ ಇನ್ನೊಂದು ಬುಗ್ಗೆಯ ವಿಷಯ ಬೇರೆ. ಈಗ ಚಿಮ್ಮುತ್ತಿರುವ ಗೀಸರ್‌ಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು ಅದು, ನೀರು 90 ಮೀಟರಿಗೂ ಮೇಲೆ ಹೋಗುತ್ತದೆ. ಆದರೆ ಯಾವಾಗ ಎಂದು ರೇಂಜರ್‌ಗಳೇ ಹೇಳುವುದಿಲ್ಲ. ಹಾಗಾಗಿ ದಿನದ ಪ್ಲಾನಿನಲ್ಲಿ ನಾನು ಅದನ್ನು ಸೇರಿಸುವುದಿಲ್ಲ. ಯಾರಾದರೂ ಕೇಳಿದರೆ "ಹೇಳಕ್ಕಾಗಲ್ಲ ಅಂಕಲ್" ಎನ್ನುತ್ತೇನೆ. ಆಸೆ ಹುಟ್ಟಿಸಿ ಕಾಯಿಸುವುದಕ್ಕಿಂತ ಅದೇ ಮರ್ಯಾದೆ.

ಪ್ರಾಣಿಗಳಿಗಂತೂ ಬೋರ್ಡೂ ಇಲ್ಲ. ಒಳಗಿನ ಗ್ರ್ಯಾಂಡ್ ಲೂಪ್ ರಸ್ತೆ ಸುಮಾರು 229 ಕಿ.ಮೀ. ವೇಗದ ಮಿತಿ ಬಹುತೇಕ ಕಡೆ ಗಂಟೆಗೆ 72 ಕಿ.ಮೀ. ಕಾಗದದ ಮೇಲೆ ಒಂದೇ ದಿನದಲ್ಲಿ ಮುಗಿಯುವಂತೆ ಕಾಣುತ್ತದೆ. ಆದರೆ ದಾರಿಯಲ್ಲಿ ಸಿಗುವ ಹೇಡನ್ ಕಣಿವೆಯಲ್ಲಿ ಕಾಡೆಮ್ಮೆಗಳ ಹಿಂಡು, ಅಂದರೆ ಬೈಸನ್‌ಗಳು, ರಸ್ತೆಗಿಳಿದರೆ ಅವು ದಾಟುವ ತನಕ ನಿಲ್ಲಲೇಬೇಕು. ಅದು ಹತ್ತು ನಿಮಿಷವಿರಬಹುದು, ಒಂದು ಗಂಟೆಯೂ ಇರಬಹುದು. ಅದಕ್ಕೇ ದಿನಕ್ಕೆ ಎರಡು ಮುಖ್ಯ ಜಾಗಗಳನ್ನಷ್ಟೇ ಗಟ್ಟಿ ಮಾಡುತ್ತೇನೆ. ಮಿಕ್ಕಿದ್ದು ಸಮಯ ಉಳಿದರೆ. ಊಟದ ಡಬ್ಬಿ, ನೀರು, ಮಾತ್ರೆ ಕೈಗೆ ಸಿಗುವ ಹಾಗೆ ವ್ಯಾನಿನ ಒಳಗೇ ಇರಬೇಕು, ಡಿಕ್ಕಿಯಲ್ಲಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇದು ತುಂಬಾ ಮುಖ್ಯ.

ಅಂಥ ಹೊತ್ತಲ್ಲಿ ಇಳಿದು ಫೋಟೋ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಪ್ರಾಣಿ ಎದುರು ನಿಂತ ಮೇಲೆ ಬೇಡ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಆದ್ದರಿಂದ ಬೆಳಿಗ್ಗೆ ಹೊರಡುವಾಗಲೇ ಹೇಳಿರುತ್ತೇನೆ: ಬೈಸನ್‌ನಿಂದ ಕನಿಷ್ಠ 23 ಮೀಟರ್, ಅಂದರೆ ಎರಡು ಬಿಎಂಟಿಸಿ ಬಸ್ಸಿನಷ್ಟು ದೂರ. ಕರಡಿ, ತೋಳಗಳಿಂದ 91 ಮೀಟರ್. ಈ ಪಾರ್ಕಿನಲ್ಲಿ ಜನರಿಗೆ ಅತಿ ಹೆಚ್ಚು ಗಾಯ ಮಾಡಿರುವ ಪ್ರಾಣಿ ಕರಡಿಯಲ್ಲ, ಬೈಸನ್. ಗಂಟೆಗೆ 56 ಕಿ.ಮೀ. ವೇಗದಲ್ಲಿ ಓಡುತ್ತದೆ. ಜುಲೈ-ಆಗಸ್ಟ್ ಅವುಗಳ ಬೆದೆಯ ಕಾಲ, ಗಂಡುಗಳು ಬೇಗ ಕೆರಳುತ್ತವೆ. ನಮ್ಮವರು ಬರುವುದೂ ಅದೇ ತಿಂಗಳುಗಳಲ್ಲಿ.

ಮಕ್ಕಳು ಫೋನ್ ಮಾಡಿ "ಅಮ್ಮ ಹೋಟೆಲಿಗೆ ಎಷ್ಟು ಗಂಟೆಗೆ ಬರ್ತಾರೆ?" ಎಂದು ಕೇಳುವುದುಂಟು. ಆರರಿಂದ ಎಂಟರ ಒಳಗೆ, ನಡುವೆ ನೆಟ್‌ವರ್ಕ್ ಸಿಗುವುದಿಲ್ಲ, ಗಾಬರಿ ಬೇಡ ಎನ್ನುತ್ತೇನೆ. ಆಫೀಸಿನವರಿಗೂ ಇದನ್ನೇ ಹೇಳಿ ಒಪ್ಪಿಸಿದ್ದೇನೆ. ಈಗ ನಾವು ಕೊಡುವ ಪ್ಲಾನ್ ಹಾಳೆಯಲ್ಲಿ ಪಾರ್ಕಿನ ದಿನಗಳಿಗೆ ಗಂಟೆ ಗಂಟೆಯ ಪಟ್ಟಿ ಇರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದಷ್ಟೇ ಇರುತ್ತದೆ.