ಒಂದೇ ವರ್ಷ, ಎರಡು ಹೊಸ ಪ್ರಾಣಿ: ಒಂದು ಉಳಿಯಿತು, ಇನ್ನೊಂದು ಉಳಿಯಲಿಲ್ಲ

2013ರಲ್ಲಿ ದಕ್ಷಿಣ ಅಮೆರಿಕದಿಂದ ಎರಡು ಹೊಸ ಸಸ್ತನಿಗಳ ಸುದ್ದಿ ಬಂತು. ಆಗಸ್ಟ್‌ನಲ್ಲಿ ಒಲಿಂಗಿಟೊ, ಡಿಸೆಂಬರ್‌ನಲ್ಲಿ ಒಂದು ಪುಟ್ಟ ಟೇಪರ್. ಈಗ ಹತ್ತು ವರ್ಷ ದಾಟಿದೆ. ಒಲಿಂಗಿಟೊ ಪಟ್ಟಿಯಲ್ಲಿ ಗಟ್ಟಿಯಾಗಿ ನಿಂತಿದೆ. ಆ ಟೇಪರ್ ಬೇರೆ ಪ್ರಭೇದ ಅಂತ ಹೆಚ್ಚಿನ ತಜ್ಞರು ಒಪ್ಪುವುದಿಲ್ಲ. ಯಾಕೆ ಹೀಗಾಯಿತು ಅನ್ನುವುದು ನನಗೆ ಆ ಪ್ರಾಣಿಗಳಷ್ಟೇ ಕುತೂಹಲದ ವಿಷಯ.

ಮೊದಲು ಒಲಿಂಗಿಟೊ. ಇದು ರಕೂನ್ ಕುಟುಂಬದ್ದು. ತೂಕ ಒಂದು ಕಿಲೊಗೂ ಸ್ವಲ್ಪ ಕಮ್ಮಿ, ಕೆಂಚು ಕಂದು ಬಣ್ಣದ ದಟ್ಟ ತುಪ್ಪಳ, ದುಂಡು ಕಣ್ಣು. ಕೊಲಂಬಿಯಾ ಮತ್ತು ಎಕ್ವಡಾರ್‌ನ ಆಂಡಿಸ್ ಬೆಟ್ಟಗಳಲ್ಲಿ ಸುಮಾರು 1500 ಮೀಟರ್‌ಗಿಂತ ಮೇಲೆ, ಸದಾ ಮಂಜು ಕವಿದಿರುವ ಕಾಡಿನಲ್ಲಿ, ಮರದ ಮೇಲೇ ಇದರ ಬದುಕು. ರಾತ್ರಿ ಓಡಾಟ. ವರ್ಗೀಕರಣದಲ್ಲಿ ಇದು ಮಾಂಸಾಹಾರಿಗಳ ಗಣಕ್ಕೆ ಸೇರುತ್ತದೆ, ತಿನ್ನುವುದು ಮಾತ್ರ ಜಾಸ್ತಿ ಹಣ್ಣು. ಅಮೆರಿಕ ಖಂಡಗಳಲ್ಲಿ ಈ ಗಣದ ಹೊಸ ಪ್ರಾಣಿಯೊಂದಕ್ಕೆ ಹೆಸರಿಟ್ಟು 35 ವರ್ಷವಾಗಿತ್ತು.

ಆದರೆ ಇದು ಮೊದಲು ಗಮನಕ್ಕೆ ಬಂದದ್ದು ಕಾಡಿನಲ್ಲಲ್ಲ. ಪ್ರಾಣಿಶಾಸ್ತ್ರಜ್ಞ ಕ್ರಿಸ್ಟೊಫರ್ ಹೆಲ್ಗನ್ 2003ರಲ್ಲಿ ಶಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿ ಅದೇ ಕುಟುಂಬದ ಒಲಿಂಗೊ ಅನ್ನುವ ಪ್ರಾಣಿಯ ಹಳೆಯ ಚರ್ಮಗಳನ್ನು ನೋಡುತ್ತಿದ್ದರು. ಒಂದು ಡ್ರಾಯರ್ ಎಳೆದರೆ ಒಳಗಿದ್ದ ಚರ್ಮಗಳ ಬಣ್ಣವೇ ಬೇರೆ, ಕೂದಲು ಉದ್ದ. ಅವುಗಳ ತಲೆಬುರುಡೆ ತೆಗೆದು ನೋಡಿದರೆ ಮೂತಿ ಗಿಡ್ಡ, ಹಲ್ಲಿನ ಆಕಾರವೂ ಬೇರೆ. ಆ ಕ್ಷಣಕ್ಕೆ ಹೆಸರಿಟ್ಟು ಸುದ್ದಿ ಮಾಡಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಅವರ ತಂಡ 18 ಮ್ಯೂಸಿಯಂಗಳನ್ನು ಸುತ್ತಿ, ಜಗತ್ತಿನಲ್ಲಿರುವ ಒಲಿಂಗೊ ಮಾದರಿಗಳಲ್ಲಿ ಶೇ 95ಕ್ಕಿಂತ ಹೆಚ್ಚನ್ನು ನೋಡಿತು. ಹಲ್ಲು, ಬುರುಡೆ, ಬಾಲ ಎಲ್ಲ ಅಳೆದರು. ಹಳೆಯ ಒಣ ಚರ್ಮದಿಂದಲೂ ಡಿಎನ್‌ಎ ತೆಗೆದರು. ಚರ್ಮಗಳ ಜೊತೆಗಿದ್ದ ಚೀಟಿಗಳಲ್ಲಿ ಬರೆದಿದ್ದ ಊರುಗಳನ್ನು ನಕ್ಷೆಗೆ ಹಾಕಿದಾಗ ಗೊತ್ತಾಯಿತು: ಬೇರೆಯಾಗಿ ಕಾಣುವವು ಎಲ್ಲ ಎತ್ತರದ ಬೆಟ್ಟದವು, ಉಳಿದ ಒಲಿಂಗೊಗಳು ಸಾಮಾನ್ಯವಾಗಿ ತಗ್ಗಿನ ಕಾಡಿನವು.

ಇನ್ನೂ ಬದುಕಿದೆಯಾ ಅನ್ನುವುದು ಮುಂದಿನ ಪ್ರಶ್ನೆ. ಎಕ್ವಡಾರ್‌ನ ಮಿಗೆಲ್ ಪಿಂಟೊ ಅನ್ನುವ ಪ್ರಾಣಿಶಾಸ್ತ್ರಜ್ಞ ಕೆಲವೇ ಸೆಕೆಂಡುಗಳ ಒಂದು ಮಸುಕು ವಿಡಿಯೊ ತೋರಿಸಿದರು. ಅದರ ಬೆನ್ನು ಹತ್ತಿ 2006ರಲ್ಲಿ ಹೆಲ್ಗನ್, ಪಿಂಟೊ ಮತ್ತು ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ರೋಲಂಡ್ ಕೇಸ್ ರಾಜಧಾನಿ ಕ್ವಿಟೊದಿಂದ ತೀರಾ ದೂರವೇನಲ್ಲದ ಒಟೊಂಗಾ ಕಾಡಿಗೆ ಹೋದರು. ಅಲ್ಲಿ ಮರದ ಮೇಲೆ ಪ್ರಾಣಿ ಆರಾಮಾಗಿ ಓಡಾಡಿಕೊಂಡಿತ್ತು. ಹೆಸರು ಪ್ರಕಟವಾಗುವ ಹೊತ್ತಿಗೆ ಆ ಡ್ರಾಯರ್ ಎಳೆದು ಹತ್ತು ವರ್ಷ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮಾದರಿಯನ್ನು ಆ ಹೆಸರಿನ ಆಧಾರ ಅಂತ ಗೊತ್ತುಮಾಡಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡಬೇಕು. ಒಲಿಂಗಿಟೊಗೆ ಆರಿಸಿದ್ದು ಎಕ್ವಡಾರ್‌ನಿಂದ 1923ರಲ್ಲಿ ತಂದು ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲಿ ಇಟ್ಟಿದ್ದ ಒಂದು ಹೆಣ್ಣು. ತೊಂಬತ್ತು ವರ್ಷ ಅದು ಸುಮ್ನೆ ಅಲ್ಲೇ ಬಿದ್ದಿತ್ತು!

ಇದಕ್ಕಿಂತ ತಮಾಷೆಯ, ಯೋಚಿಸಿದರೆ ಸ್ವಲ್ಪ ಪಾಪ ಅನ್ನಿಸುವ ಕತೆ ರಿಂಗರ್ಲ್‌ದು. ಕೊಲಂಬಿಯಾದಿಂದ ತಂದ ಈ ಹೆಣ್ಣು ಒಲಿಂಗಿಟೊ 1960-70ರ ದಶಕಗಳಲ್ಲಿ ಅಮೆರಿಕದ ಒಂದು ಮೃಗಾಲಯದಿಂದ ಇನ್ನೊಂದಕ್ಕೆ ತಿರುಗುತ್ತಲೇ ಇತ್ತು. ಲೂಯಿವಿಲ್, ಟೂಸಾನ್, ಸಾಲ್ಟ್ ಲೇಕ್ ಸಿಟಿ, ವಾಷಿಂಗ್ಟನ್, ಕೊನೆಗೆ ನ್ಯೂಯಾರ್ಕ್. ಒಲಿಂಗೊ ಅಂದುಕೊಂಡು ಗಂಡು ಒಲಿಂಗೊಗಳ ಜೊತೆ ಬಿಟ್ಟರು. ಮರಿ ಆಗಲಿಲ್ಲ. ಆಗುವುದಾದರೂ ಹೇಗೆ, ಅದು ಆ ಜಾತಿಯೇ ಅಲ್ಲವಲ್ಲ. ಸಾವಿರಾರು ಜನ ಟಿಕೆಟ್ ತಗೊಂಡು ನೋಡಿದ ಪ್ರಾಣಿ ಅದು. ಅದರ ಜಾತಿಗೆ ಹೆಸರು ಸಿಗುವ ಹೊತ್ತಿಗೆ ಅದು ಸತ್ತು 37 ವರ್ಷವಾಗಿತ್ತು.

ಈಗ ಟೇಪರ್‌ಗೆ ಬರೋಣ. ಟೇಪರ್ ಅಂದರೆ ಗಿಡ್ಡ ಸೊಂಡಿಲಿನಂಥ ಮೂತಿಯ, ಘೇಂಡಾಮೃಗ ಮತ್ತು ಕುದುರೆಗಳ ದೂರದ ನೆಂಟ. ಬ್ರೆಜಿಲ್‌ನ ಮಾರಿಯೊ ಕೊಜುಯೊಲ್ ಮತ್ತು ಜೊತೆಗಾರರು ಅಮೆಜಾನ್‌ನಿಂದ ಒಂದು ಪುಟ್ಟ ಕಪ್ಪು ಟೇಪರ್ ಅನ್ನು ವಿವರಿಸಿ, ಟೇಪಿರಸ್ ಕಬೊಮಾನಿ ಅಂತ ಹೆಸರಿಟ್ಟರು. ತೂಕ ಸುಮಾರು 110 ಕಿಲೊ, ಅಂದರೆ ಸಾಮಾನ್ಯ ಟೇಪರ್‌ನ ಅರ್ಧ. ಅವರ ಬಳಿ ತಲೆಬುರುಡೆಗಳಿದ್ದವು, ಡಿಎನ್‌ಎ ಇತ್ತು. ಜೊತೆಗೆ ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದ ಕರಿಟಿಯಾನಾ ಅನ್ನುವ ಮೂಲನಿವಾಸಿ ಬೇಟೆಗಾರರ ಮಾತು ಇತ್ತು: ಇಲ್ಲಿ ಎರಡು ಥರದ ಟೇಪರ್ ಇವೆ.

ಮುಂದಿನ ವರ್ಷವೇ ಆಕ್ಷೇಪ ಬಂತು. ಬರೆದ ಮೂವರಲ್ಲಿ ಒಬ್ಬರು ಯಾರು ಗೊತ್ತಾ? ಅದೇ ಹೆಲ್ಗನ್. ಆಧಾರ ಸಾಲದು ಅನ್ನುವುದು ಅವರ ವಾದ. ನೋಡಿದ್ದು ತಾಯಿಯ ಕಡೆಯಿಂದ ಮಾತ್ರ ಬರುವ, ಜೀವಕೋಶದೊಳಗಿನ ಮೈಟೊಕಾಂಡ್ರಿಯ ಅನ್ನುವ ಪುಟ್ಟ ಭಾಗದ ಡಿಎನ್‌ಎ, ಅದರಲ್ಲೂ ವ್ಯತ್ಯಾಸ ಚಿಕ್ಕದು. ಕೊಜುಯೊಲ್ ತಂಡ ಉತ್ತರ ಕೊಟ್ಟಿತು, ಪಟ್ಟು ಬಿಡಲಿಲ್ಲ. 2016ರಲ್ಲಿ ಬೇರೊಂದು ತಂಡ ಜಾಸ್ತಿ ಟೇಪರ್‌ಗಳ ಡಿಎನ್‌ಎ ನೋಡಿ, ಕಬೊಮಾನಿ ಅನ್ನುವುದು ಸಾಮಾನ್ಯ ಟೇಪರ್‌ನ ಒಳಗಿನದೇ ಒಂದು ಕವಲು ಅಂದಿತು.

ನಾನು ಹೆಲ್ಗನ್ ಕಡೆಗೇ ವಾಲುತ್ತೇನೆ. ಒಂದು ಪುಟ್ಟ ಒಲಿಂಗಿಟೊಗೆ ಹತ್ತು ವರ್ಷ ಅಳತೆ ಮಾಡಿದವರು ಅಷ್ಟು ದೊಡ್ಡ ಪ್ರಾಣಿಯ ವಿಷಯದಲ್ಲಿ ಅಷ್ಟೇ ಕಟ್ಟುನಿಟ್ಟು ಕೇಳಿದರೆ ತಪ್ಪೇನಿದೆ? ಆದರೂ ಒಂದು ಮಾತು ನನಗೆ ಕಿರಿಕಿರಿ ಮಾಡುತ್ತದೆ. ಡಿಎನ್‌ಎ ಒಪ್ಪಲಿಲ್ಲ ಅಂದ ತಕ್ಷಣ ಬೇಟೆಗಾರರ ಮಾತು ಸುಳ್ಳಾಗುವುದಿಲ್ಲ. ಟೇಪರ್ ತಿಂದು ಬದುಕಿದ ಜನ ಅವರು. ಎರಡು ಥರ ಅಂತ ಅವರು ಹೇಳುವುದು ವಯಸ್ಸಿನ ವ್ಯತ್ಯಾಸ ಇರಬಹುದು, ಗಂಡು ಹೆಣ್ಣಿನದ್ದಿರಬಹುದು, ಒಂದೊಂದು ಕಡೆಯ ಟೇಪರ್ ಒಂದೊಂದು ಗಾತ್ರ ಇರಬಹುದು. ಪ್ರಭೇದ ಹೌದೋ ಅಲ್ಲವೋ ಅನ್ನುವ ಜಗಳದಲ್ಲಿ ಇದನ್ನು ಬದಿಗಿಡುವುದು ಸರಿಯಲ್ಲ. ಕರಿಟಿಯಾನಾ ಜನ ಯಾವ ಗುರುತು ನೋಡಿ ಎರಡನ್ನೂ ಬೇರೆ ಮಾಡುತ್ತಾರೋ, ಆ ಗುರುತು ಇರುವ ಮತ್ತು ಇಲ್ಲದ ಟೇಪರ್‌ಗಳ ಬುರುಡೆ, ಚರ್ಮ ಮತ್ತು ಇಡೀ ಜೀನೋಮ್ (ಅಂದರೆ ಪೂರ್ತಿ ಡಿಎನ್‌ಎ) ಒಟ್ಟಿಗಿಟ್ಟು ಹೋಲಿಸಬೇಕು. ಮೈಟೊಕಾಂಡ್ರಿಯ ಒಂದನ್ನೇ ಇಟ್ಟುಕೊಂಡು ಎಷ್ಟು ವಾದ ಮಾಡಿದರೂ ಅಷ್ಟೇ.