ರಾತ್ರಿಯಿಡೀ ಗೀಗೀ ಪದ ಕೇಳಲು ಮುಧೋಳದ ಕಡೆ ಹೋಗುವವರಿಗೆ

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ, ನಮ್ಮ ದುಡ್ಡು ಹೋಗಿದ್ದೇ ಅಲ್ಲಿ. ಫೋನಿನಲ್ಲಿ 900 ರೂಪಾಯಿ ಅಂದಿದ್ದ ಲಾಡ್ಜಿನವರು ನಾವು ಬ್ಯಾಗ್ ಹಿಡಿದು ಎದುರು ನಿಂತಾಗ 1,800 ಅಂದರು. ಸುತ್ತ ಜಾತ್ರೆ ಇದೆ, ಮದುವೆ ಇವೆ, ಬೇಡವಾದರೆ ಬಿಡಿ ಅಂತ. ಜೊತೆಗೆ ಮಂಡಿ ನೋವಿನ ಚಿಕ್ಕಮ್ಮ ಇದ್ದರು, ಮೇಲೆ ಬಿಸಿಲು. ಕೊಟ್ಟೆವು. ಆ ರೂಮಿನಲ್ಲಿ ನಾವು ಇದ್ದಿದ್ದು ಒಟ್ಟು ಐದು ಗಂಟೆ ಅಷ್ಟೇ. ಹಾಡು ರಾತ್ರಿಯಿಡೀ ನಡೆಯುತ್ತದೆ, ನೀವು ಮಲಗುವುದು ಮರುದಿನ ಬೆಳಗ್ಗೆ, ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಖಾಲಿ ಮಾಡಿ ಅಂತ ಬಾಗಿಲು ಬಡಿಯುತ್ತಾರೆ. ಹಾಗಾಗಿ ಹೋದ ದಿನ ರೂಮ್ ಹಿಡಿಯಬೇಡಿ. ಮರುದಿನ ಬೆಳಗ್ಗೆ ಏಳಕ್ಕೆ ಬರುತ್ತೇವೆ, 24 ಗಂಟೆ ಲೆಕ್ಕದಲ್ಲಿ ಕೊಡ್ತೀರಾ ಅಂತ ಮೊದಲೇ ಕೇಳಿ. ಆಮೇಲೆ ನಾವು ಬೇರೆ ಎರಡು ಕಡೆ ಕೇಳಿ ನೋಡಿದೆವು, ಇಬ್ಬರೂ ಆಯ್ತು ಅಂದರು.

ನಾವು ಹೋಗಿದ್ದು ಕಳೆದ ಫೆಬ್ರವರಿಯಲ್ಲಿ, ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರದ ಒಂದು ಹಳ್ಳಿಗೆ, ಹರದೇಶಿ-ನಾಗೇಶಿ ಕೇಳಲು. ಗೀಗೀ ಪದ ಹಾಡುವ ಎರಡು ಮೇಳಗಳು ಎದುರುಬದುರು ಕೂರುತ್ತವೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ಒಬ್ಬರದು ಸವಾಲು, ಇನ್ನೊಬ್ಬರದು ಜವಾಬು. ಮುಂದೆ ಹಾಡುವವರ ಕೈಯಲ್ಲಿ ದಪ್ಪು ಅನ್ನುವ ಚರ್ಮವಾದ್ಯ, ಹಿಂದೆ ಹಿಮ್ಮೇಳದವರ ಕೈಯಲ್ಲಿ ಒಂಟಿ ತಂತಿಯ ತುಂತುಣಿ ಮತ್ತು ತಾಳ. ಪ್ರತಿ ನುಡಿ ಮುಗಿದಾಗ ಹಿಂದಿನವರು ‘ಗೀಯ ಗೀಯ’ ಅಂತ ಎತ್ತಿಕೊಳ್ಳುತ್ತಾರೆ, ಹೆಸರು ಬಂದಿದ್ದೂ ಅದರಿಂದಲೇ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲೆಯ ಹಳ್ಳಿಗಳಲ್ಲಿ ಇದು ಇನ್ನೂ ಗಟ್ಟಿಯಾಗಿದೆ. ರಾಮದುರ್ಗ ತಾಲೂಕಿನ ಹುಲಕುಂದದ ಮೇಳದವರು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಪದಗಳನ್ನು ಕಟ್ಟಿ ಜನರನ್ನು ಎಬ್ಬಿಸಿದ್ದರು.

ಯಾವ ಊರಲ್ಲಿ ಯಾವಾಗ ಇದೆ ಅಂತ ಗೊತ್ತಾಗುವುದು ಹೇಗೆ? ಯೂಟ್ಯೂಬಿನಲ್ಲಿ ಮೇಳಗಳ ವಿಡಿಯೋ ಬೇಕಾದಷ್ಟಿವೆ, ಎಷ್ಟೋ ವಿಡಿಯೋದ ಮೇಲೆ ಫೋನ್ ನಂಬರ್ ಇರುತ್ತದೆ. ಅದಕ್ಕೆ ಫೋನ್ ಮಾಡಿ ಮುಂದಿನ ಹಾಡಕಿ ಎಲ್ಲಿ ಅಂತ ಕೇಳಿ. ಅಲ್ಲಿ ಹಾಡಿಕೆ ಅನ್ನುವುದಿಲ್ಲ, ಹಾಡಕಿ. ನಾವು ಕೇಳಿದಾಗ ಮೇಳದವರು ಊರು, ಗುಡಿ, ಕರೆಸಿದವರ ನಂಬರ್ ಎಲ್ಲ ಕೊಟ್ಟು ‘ಬರ್ರಿ ಅಕ್ಕಾರ, ಮುಂದ ಕುಂಡ್ರಸ್ತೀವಿ’ ಅಂದರು. ಟಿಕೆಟ್ ಗಿಕೆಟ್ ಏನೂ ಇಲ್ಲ. ಊರ ಗುಡಿಯ ಮುಂದೆ ಪೆಂಡಾಲು, ಕೆಳಗೆ ತಾಡಪತ್ರಿ, ಸುಮಾರು ಇನ್ನೂರು ಜನ. ಹಿಂದೊಮ್ಮೆ ಪಟ್ಟಣದ ಒಂದು ಉತ್ಸವದ ದೊಡ್ಡ ವೇದಿಕೆಯಲ್ಲಿ ಇದನ್ನೇ ಕೇಳಿದ್ದೆ. ಒಂದು ತಂಡಕ್ಕೆ ಹದಿನೈದು ನಿಮಿಷ ಕೊಟ್ಟಿದ್ದರು. ಸವಾಲು ಶುರುವಾಗುವ ಹೊತ್ತಿಗೆ ಕೆಳಗಿಳಿಸಿದರು. ಅದನ್ನು ಕೇಳಿ ಇಷ್ಟೇ ಅಂದುಕೊಂಡವರು ದಯವಿಟ್ಟು ಒಮ್ಮೆ ಹಳ್ಳಿಗೆ ಹೋಗಿ.

ಹುಬ್ಬಳ್ಳಿಯಿಂದ ಬಾಗಲಕೋಟೆಗೆ ನವಲಗುಂದ, ನರಗುಂದ, ಕೆರೂರು ಮೇಲೆ ಬಸ್ಸುಗಳಿವೆ. 2023ರ ಜೂನಿನಿಂದ ಹೆಂಗಸರಿಗೆ ಉಚಿತ, ಆಧಾರ್ ಕಾರ್ಡ್ ತೋರಿಸಬೇಕು. ಕೂರಲು ಜಾಗ ಬೇಕಿದ್ದರೆ ಬೆಳಗ್ಗೆ ಬೇಗ ಹೊರಡಿ. ಅಲ್ಲಿಂದ ಮುಧೋಳದವರೆಗೂ ತೊಂದರೆ ಇಲ್ಲ. ಕಷ್ಟ ಇರುವುದು ಮುಧೋಳದಿಂದ ಹಳ್ಳಿಗೆ. ಸಂಜೆ ಏಳರ ಬಸ್ ಅಂತ ಕೇಳಿಕೊಂಡು ಆರೂವರೆಯಿಂದ ನಿಂತೆವು. ಎಂಟಾದರೂ ಬರಲಿಲ್ಲ, ಯಾರೂ ಸರಿಯಾಗಿ ಹೇಳಲೂ ಇಲ್ಲ. ಕೊನೆಗೆ ಒಬ್ಬ ಟಂಟಂ (ದೊಡ್ಡ ಆಟೋ) ಓಡಿಸುವವನು 14 ಕಿಲೋಮೀಟರಿಗೆ 600 ರೂಪಾಯಿ ತೆಗೆದುಕೊಂಡ. ನಮ್ಮನ್ನು ಕೂರಿಸಿಕೊಂಡ ಮೇಲೆ ದಾರಿಯಲ್ಲಿ ಇನ್ನೂ ನಾಲ್ಕು ಜನರನ್ನು ಹತ್ತಿಸಿಕೊಂಡ, ಅವರಿಂದಲೂ ದುಡ್ಡು ಇಸ್ಕೊಂಡ. ಜಗಳ ಆಡುವ ಧೈರ್ಯ ನನಗೆ ಆಗಲಿಲ್ಲ, ಕತ್ತಲೆ ಆಗಿತ್ತು. ಇನ್ನೊಂದು ಮಾತು, ಇದು ಕಬ್ಬಿನ ಸೀಮೆ. ಚಳಿಗಾಲದಲ್ಲಿ ರಾತ್ರಿ ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಹಿಂದಿನ ಟ್ರೇಲರಿಗೆ ಎಷ್ಟೋ ಸಲ ಲೈಟೇ ಇರುವುದಿಲ್ಲ. ಸ್ವಂತ ಕಾರಿನಲ್ಲಿ ಹೋಗುವವರೂ ಬೆಳಕಿರುವಾಗಲೇ ಊರು ಸೇರಿಕೊಳ್ಳಿ.

ಆ ದಿನದ ಕೋಪವೆಲ್ಲ ಇಳಿಸಿದ್ದು ಮುಧೋಳದ ಒಂದು ಖಾನಾವಳಿ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ, ಬೋರ್ಡ್ ಮಾಸಿ ಹೆಸರು ಓದಲು ಬರುವುದಿಲ್ಲ, ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅದೇ. ಅತ್ತೆ, ಸೊಸೆ ಇಬ್ಬರೇ ನಡೆಸುತ್ತಾರೆ. ಊಟಕ್ಕೆ 80 ರೂಪಾಯಿ. ಬಿಸಿ ಜೋಳದ ರೊಟ್ಟಿ ಬೇಕಾದಷ್ಟು, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಬದಿಗೆ ಒಂದು ಹಿಡಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಎಣ್ಣೆಗಾಯಿಯ ಮಸಾಲೆ ಅವತ್ತೇ ಕುಟ್ಟಿದ್ದು, ವಾಸನೆಯಲ್ಲೇ ಗೊತ್ತಾಗುತ್ತಿತ್ತು. ನಮ್ಮ ಕಡೆ ಹೋಟೆಲುಗಳಲ್ಲಿ ‘ಉತ್ತರ ಕರ್ನಾಟಕ ಊಟ’ ಅಂತ ಇನ್ನೂರು ರೂಪಾಯಿ ಕೊಟ್ಟು ತಿನ್ನುತ್ತೇವಲ್ಲ, ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹಾಡಕಿಗೆ ಹೊರಟಿದ್ದೇವೆ ಅಂದ ಕೂಡಲೇ ಆ ಅಜ್ಜಿ ಚಿಕ್ಕಮ್ಮನಿಗೆ ‘ಇನ್ನೊಂದ ರೊಟ್ಟಿ ತಿನ್ನವಾ, ರಾತ್ರಿಯೆಲ್ಲಾ ಕುಂಡ್ರಾಕಿ ಅದಿ’ ಅಂತ ತಟ್ಟೆಗೆ ಹಾಕಿಯೇಬಿಟ್ಟರು. ಹೊರಡುವಾಗ ಆರು ಖಡಕ್ ರೊಟ್ಟಿ, ಹಿಂಡಿ ಕಟ್ಟಿಕೊಟ್ಟರು, ಅದಕ್ಕೆ 40 ರೂಪಾಯಿ. ನೀವೂ ಕಟ್ಟಿಸಿಕೊಳ್ಳಿ. ಹಳ್ಳಿಯಲ್ಲಿ ಹತ್ತರ ಮೇಲೆ ಚಹಾ ಮತ್ತು ಮಿರ್ಚಿ ಭಜಿ ಬಿಟ್ಟರೆ ಏನೂ ಸಿಗುವುದಿಲ್ಲ.

ಒಂಬತ್ತಕ್ಕೆ ಅಂದಿದ್ದು ಶುರುವಾಗಿದ್ದು ಹನ್ನೊಂದೂವರೆಗೆ. ಊರಿನವರು ಊಟ, ದನಕರು ಎಲ್ಲ ಮುಗಿಸಿ ಬರಬೇಕಲ್ವಾ. ಜನಜಂಗುಳಿ ನನಗೆ ತೊಂದರೆಯಲ್ಲ, ನಿದ್ದೆಗೆಡುವುದೂ ಅಭ್ಯಾಸ ಇದೆ. ತಡೆಯಲು ಆಗದೇ ಇದ್ದಿದ್ದು ಸೌಂಡ್ ಸಿಸ್ಟಮ್. ಇನ್ನೂರು ಜನಕ್ಕೆ ಆಳೆತ್ತರದ ನಾಲ್ಕು ಸ್ಪೀಕರ್. ಹಿಂದೆ ಕೂತರೆ ದಪ್ಪಿನ ಏಟು ಎದೆಗೆ ಬಡಿಯುತ್ತದೆ, ತುಂತುಣಿ ಕೇಳಿಸುವುದೇ ಇಲ್ಲ. ಮೇಳದಿಂದ ಹತ್ತು ಅಡಿ ಒಳಗೆ, ಸ್ಪೀಕರಿನ ಸಾಲಿಗಿಂತ ಮುಂದೆ ಕೂರಿ. ಅಲ್ಲಿ ತುಂತುಣಿಯ ಒಂಟಿ ತಂತಿ ಕೇಳಿಸುತ್ತದೆ, ಹಿಮ್ಮೇಳದವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಹೆಂಗಸರು ಒಂದು ಬದಿಗೆ ಕೂರುತ್ತಾರೆ, ನಮಗೆ ಅಲ್ಲೇ ಜಾಗ ಬಿಟ್ಟರು. ಶೌಚಕ್ಕೆ ವ್ಯವಸ್ಥೆ ಇಲ್ಲ. ಹೋದ ಕೂಡಲೇ ಗುಡಿಯ ಹತ್ತಿರದ ಯಾವುದಾದರೂ ಮನೆಯ ಹೆಂಗಸರನ್ನು ಮಾತಾಡಿಸಿ ಇಟ್ಟುಕೊಳ್ಳಿ. ನಾವು ಮಾತಾಡಿಸಿದ ಅಕ್ಕ ಚಿಕ್ಕಮ್ಮನಿಗೆ ಕುರ್ಚಿಯನ್ನೂ ತಂದುಕೊಟ್ಟರು. ಚಾದರ ಮರೆಯಬೇಡಿ, ಎರಡು ಗಂಟೆಯ ಮೇಲೆ ಚಳಿ ಇರುತ್ತದೆ.

ಮೊದಲ ಒಂದೂವರೆ ಗಂಟೆ ಸ್ತುತಿ, ಪುರಾಣದ ಪದ. ನಡುನಡುವೆ ಯಾರೋ ಐವತ್ತು, ನೂರು ರೂಪಾಯಿ ಆಯೇರು, ಅಂದರೆ ಮೆಚ್ಚುಗೆಯ ಕಾಣಿಕೆ, ಕೊಡುತ್ತಾರೆ, ಹಾಡು ನಿಲ್ಲಿಸಿ ಮೈಕಿನಲ್ಲಿ ಅವರ ಹೆಸರು ಹೇಳುತ್ತಾರೆ. ಇದರಿಂದ ಬೇಸರವಾಗಿ ಎದ್ದುಬಿಡಬೇಡಿ. ಎರಡೂವರೆಗೆ ಸವಾಲು ಏರಿತು. ಗಂಡು ಇಲ್ಲದೆ ಸೃಷ್ಟಿ ಎಲ್ಲಿದೆ ಅಂತ ಹರದೇಶಿಯವರು ಎದೆ ತಟ್ಟಿ ಹಾಡಿ ಕೂತರು. ನಾಗೇಶಿಯ ಹಾಡುಗಾರ್ತಿಗೆ ಐವತ್ತರ ಮೇಲಿನ ವಯಸ್ಸು, ಹಣೆ ತುಂಬ ಕುಂಕುಮ. ನಿಧಾನಕ್ಕೆ ಎದ್ದು ದಪ್ಪು ಕಾಯಿಸಿಕೊಂಡು ಬಂದರು. ಶಿವನೇ ಅರ್ಧ ಮೈ ಕೊಟ್ಟು ನಿಂತಿರುವಾಗ ನಿನ್ನದೇನು ಹೆಚ್ಚು, ನಿನ್ನನ್ನು ಒಂಬತ್ತು ತಿಂಗಳು ಹೊತ್ತವರು ಯಾರು ಹೇಳು ಅಂತ ಅವರು ಎತ್ತಿಕೊಂಡಾಗ ನಮ್ಮ ಬದಿಯ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಜವಾಬು ಮುಕ್ಕಾಲು ಗಂಟೆ ನಡೆಯಿತು. ಯಾವತ್ತೂ ಮೆಲ್ಲಗೆ ಮಾತಾಡುವ ಚಿಕ್ಕಮ್ಮ ಕುರ್ಚಿಯಿಂದ ಎದ್ದು ನಿಂತು, ಸೆರಗಿನಿಂದ ನೂರರ ನೋಟು ಬಿಚ್ಚಿ ತಾವೇ ಹೋಗಿ ಕೊಟ್ಟು ಬಂದರು.

ಐದೂಮುಕ್ಕಾಲಿಗೆ ಎರಡೂ ಮೇಳದವರು ಸೇರಿ ಮಂಗಳ ಹಾಡಿದರು. ಮುಧೋಳಕ್ಕೆ ಮೊದಲ ಬಸ್ ಆರೂಕಾಲಿಗೆ ಬಂತು, ಹೇಳಿದ ಹೊತ್ತಿಗೇ. ಅದೇ ಬಸ್ಸಿನಲ್ಲಿ ನಾಗೇಶಿ ಮೇಳದವರೂ ಹತ್ತಿದರು, ದಪ್ಪನ್ನು ಟವೆಲಿನಲ್ಲಿ ಸುತ್ತಿಕೊಂಡು. ಉಳಿದಿದ್ದ ಎರಡು ಖಡಕ್ ರೊಟ್ಟಿಯನ್ನು ಚಿಕ್ಕಮ್ಮ ಆ ಹಾಡುಗಾರ್ತಿಯ ಜೊತೆ ಮುರಿದುಕೊಂಡು ತಿಂದರು, ಯುಗಾದಿ ಆದ ಮೇಲೆ ಅವರ ಹಾಡಕಿ ಎಲ್ಲೆಲ್ಲಿದೆ ಅಂತ ಕೇಳಿ ಬರೆದುಕೊಂಡರು.