ಬಚ್ಚಲಿಗೆ ಯಾವ ಕಲ್ಲು?

ನಮ್ಮ ಪುಣೆ ಮನೆಯ ಬಚ್ಚಲಿಗೆ ಟೈಲ್ಸ್ ಹುಡುಕುತ್ತಾ ಇದು ಮೂರನೇ ಭಾನುವಾರ. ನನಗೆ ಕನ್ನಡಿ ತರ ಹೊಳೆಯೋದು ಇಷ್ಟ. ಅಂಗಡಿಯವನು ಅದರ ಮೇಲೆ ಒಂದು ಲೋಟ ನೀರು ಸುರಿದು, ಕಾಲಿಡಿ ಅಂದ. ಜಾರಿತು! ಕೊನೆಗೆ 1 ಅಡಿ ಚದರದ ಮ್ಯಾಟ್ ಟೈಲ್ಸೇ ಗತಿ. ಸಣ್ಣದಾದರೆ ಸಂದು ಜಾಸ್ತಿ, ಕಾಲಿಗೆ ಹಿಡಿತವೂ ಜಾಸ್ತಿ. ನೀರು ಹರಿಯಲು ಇಳಿಜಾರು ಕೊಡೋದೂ ಸುಲಭ. (ಆ ಸಂದು ಉಜ್ಜೋರು ಯಾರು ಅನ್ನೋದು ಬೇರೆ ಜಗಳ.)

ಅವ್ವ ಮಾತ್ರ, "ಶಹಾಬಾದ್ ಫರಸಿ ಹಾಕಸಪಾ, ಇವೆಲ್ಲ ಯಾಕ ಬೇಕು?" ಅಂದಳು. ಫರಸಿ ಅಂದರೆ ನೆಲಕ್ಕೆ ಹಾಸೋ ಕಲ್ಲು. ಶಹಾಬಾದ್ ಅನ್ನೋದು ನಮ್ಮ ಕಲಬುರಗಿ ಜಿಲ್ಲೆಯ ಊರು ಅಂತ ಅಂಗಡಿಯವನಿಗೆ ಗೊತ್ತೇ ಇರಲಿಲ್ಲ. ಕಲ್ಲಿನ ಹೆಸರು ಅಂದುಕೊಂಡಿದ್ದನಂತೆ. ಇಲ್ಲಿನ ವಾಡೆಗಳ, ಅಂದರೆ ಹಳೇ ದೊಡ್ಡ ಮನೆಗಳ, ಅಂಗಳದಲ್ಲಿ ನಮ್ಮ ಕಡೆಯ ಕಲ್ಲು ಎಷ್ಟಿದೆಯೋ! ನಮಗಿಂತ ಮೊದಲೇ ಬಂದು ಸುಮ್ನೆ ಮಲಗಿದೆ.